ಅಂಥ ಸೀರಿಯಲ್ ಯಾಕೆ ನೋಡ್ತೀಯ ಅಂತ ಕೇಳೋರಿಗೆ

"ಅದನ್ನೆಲ್ಲ ನೋಡಿದ್ರೆ ಮನಸ್ಸು ಕೆಡಲ್ವಾ?" ಕೆಡುತ್ತೆ. ಕೆಡಬೇಕು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಸೀರಿಯಲ್ ಹೆಸರು 'ಮದರ್'. 2010ರಲ್ಲಿ ಜಪಾನಿನ ನಿಪ್ಪಾನ್ ಟೀವಿಯಲ್ಲಿ ಬಂದದ್ದು, ಒಟ್ಟು 11 ಕಂತು, ಬರೆದವರು ಯೂಜಿ ಸಕಾಮೊಟೊ. ಹೊಕ್ಕೈಡೊದ ಮುರೊರಾನ್‌ನಲ್ಲಿ ವಲಸೆ ಹಕ್ಕಿಗಳ ಅಧ್ಯಯನ ಮಾಡುತ್ತಿದ್ದ ನಾಓ ತಾತ್ಕಾಲಿಕವಾಗಿ ಶಾಲೆಗೆ ಟೀಚರ್ ಆಗುತ್ತಾಳೆ. ಅವಳಿಗೆ ಮಕ್ಕಳೆಂದರೆ ಅಷ್ಟಕ್ಕಷ್ಟೆ. ಆದರೆ ತರಗತಿಯ ರೇನಾಳನ್ನು ಹೆತ್ತ ತಾಯಿಯೇ ಕಸದ ಚೀಲಕ್ಕೆ ಹಾಕಿ ಚಳಿಯಲ್ಲಿ ಹೊರಗಿಟ್ಟಾಗ, ನಾಓ ಆ ಮಗುವನ್ನು ಕರೆದುಕೊಂಡು ಊರೇ ಬಿಡುತ್ತಾಳೆ. ಹೆಸರು ಬದಲಿಸಿ ತನ್ನ ಮಗಳೆನ್ನುತ್ತಾಳೆ. ಕಾನೂನಿನ ಪ್ರಕಾರ ಅದು ಅಪಹರಣ.

ಒಂದು ಮದುವೆ ಊಟದ ಪಂಕ್ತಿಯಲ್ಲಿ ಇಷ್ಟು ಕಥೆ ಹೇಳಿದೆ. ಪಕ್ಕದಲ್ಲಿದ್ದ ದೊಡ್ಡಮ್ಮ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, "ಆ ದೇಶದ ಜನಾನೇ ಹಂಗೇನೇ?" ಅಂದರು. ನನಗೆ ತಡೆಯಲಾಗಲಿಲ್ಲ. ಮಕ್ಕಳ ಮೇಲಿನ ದೌರ್ಜನ್ಯ ತಡೆಯುವ ಕಾನೂನನ್ನು 2000ದಲ್ಲೇ ಮಾಡಿಕೊಂಡ ದೇಶ ಅದು. ಕಾನೂನಿದ್ದೂ ಮಗು ಚೀಲದೊಳಗೆ ಹೋದೀತು ಅಂತ ಬುಧವಾರ ರಾತ್ರಿ 10ಕ್ಕೆ ಎಲ್ಲರೂ ನೋಡುವ ಚಾನೆಲ್ಲಿನಲ್ಲಿ ತೋರಿಸಿದ ಜನ. ಅದಕ್ಕೆ ಧೈರ್ಯ ಬೇಕು ದೊಡ್ಡಮ್ಮ, ಅಂದೆ. ಅವರು ಪಾಯಸ ಎಲ್ಲಿ ಬಂತು ನೋಡು ಅಂದರು.

ಬರೀ ಕತ್ತಲೆ ಅನ್ನುವವರು ರೇನಾಳ ಪುಸ್ತಕ ನೋಡಿಲ್ಲ. ತನಗೆ ಇಷ್ಟವಾದದ್ದನ್ನೆಲ್ಲ ಅವಳು ಅದರಲ್ಲಿ ಬರೆದಿಟ್ಟುಕೊಳ್ಳುತ್ತಾಳೆ: ತಿರುಗುವ ಕುರ್ಚಿ, ತಿರುವಿರುವ ಏರುದಾರಿ, ಕ್ರೀಮ್ ಸೋಡಾ. ಹೊಡೆತ ತಿನ್ನುವ ಮಗು ಇಷ್ಟವಿಲ್ಲದ್ದನ್ನು ನೆನೆಯಬಾರದು ಅಂತ ತಾನೇ ನಿಯಮ ಮಾಡಿಕೊಂಡಿದೆ. ಆ ಪಾತ್ರ ಮಾಡಿದ ಮಾನಾ ಅಶಿದಾ ಆಗಿನ್ನೂ ಪುಟ್ಟ ಹುಡುಗಿ.

"ಟೀಚರ್ ಮಾಡಿದ್ದು ಸರಿನಾ?" ಅಂತಲೂ ಕೇಳುತ್ತಾರೆ. ಕಥೆ ಅವಳನ್ನು ಕೋರ್ಟಿಗೂ ನಿಲ್ಲಿಸುತ್ತದೆ, ಶಿಕ್ಷೆಯನ್ನೂ ಕೊಡಿಸುತ್ತದೆ. ಹೆತ್ತ ತಾಯಿ ಹಿತೋಮಿಯ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ನನಗೆ ಬೇಕಾದ ಪ್ರಶ್ನೆ ಅದು. ಒಂದು ಕಂತು ಪೂರ್ತಿ ಹಿಂದಕ್ಕೆ ಹೋಗಿ ತೋರಿಸುತ್ತದೆ: ಒಂಟಿಯಾಗಿ ಮಗಳನ್ನು ಮುದ್ದಿನಿಂದ ಸಾಕುತ್ತಿದ್ದ ಹೆಣ್ಣು ಅವಳು. ದುಡಿಮೆ, ಸುಸ್ತು, ಕೈಹಿಡಿಯುವವರಿಲ್ಲದ ಒಂಟಿತನ, ಆಮೇಲೆ ಮನೆ ಸೇರಿದ ಒಬ್ಬ ಗಂಡಸು. ಅವಳು ಮಾಡಿದ್ದನ್ನು ನಾನು ಕ್ಷಮಿಸಲಾರೆ. ಅವಳನ್ನು ರಾಕ್ಷಸಿ ಅನ್ನಲೂ ಆರೆ.

ಆ ಕಂತು ನೋಡಿ ಬನ್ನಿ. ಮಗಳನ್ನು ಮುದ್ದು ಮಾಡುತ್ತಿದ್ದ ದಿನಗಳಲ್ಲಿ ಹಿತೋಮಿಗೆ ಯಾರು ಏನು ಮಾಡಬಹುದಿತ್ತು, ಅದನ್ನು ಕೇಳಿ. ಎಷ್ಟು ಹೊತ್ತಾದರೂ ಕೂತು ಮಾತಾಡುತ್ತೇನೆ.