ನಿಕರಾಗುವಾದ ಸಿಗಾರ್‌ಗೆ ಕ್ಯೂಬಾದ ಕಥೆ ಯಾಕೆ?

ಮಯಾಮಿಗೆ ಬಂದ ನೆಂಟರನ್ನು ಇಲ್ಲಿನ ಕ್ಯೂಬಾದವರ ಕೇರಿ ಲಿಟಲ್ ಹವಾನಾ ಕಡೆ ಸುತ್ತಾಡಿಸಿದರೆ ಈ ಪ್ರಶ್ನೆ ಬಂದೇ ಬರುತ್ತದೆ: "ಪೆಟ್ಟಿಗೆ ಮೇಲೆ ನಿಕರಾಗುವಾ ಅಂತಿದೆ, ಅಂಗಡಿಯವರು ಮಾತ್ರ ಕ್ಯೂಬಾ ಕ್ಯೂಬಾ ಅಂತಾರೆ. ಸುಮ್ನೆ ಹೆಸರು ಮಾರ್ಕೊಳ್ತಿದಾರೆ ಅಲ್ವಾ?" ನಾನು ಸೇದುವವನಲ್ಲ, ಸೇದಿ ಅಂತ ಯಾರಿಗೂ ಹೇಳುವುದಿಲ್ಲ. ಆದರೆ ಈ ವ್ಯಾಪಾರದ ಕಥೆ ಅಂದರೆ ನನಗೆ ಇಷ್ಟ.

ಹೆಸರು ಮಾರಿಕೊಳ್ಳುವವರು ಇದ್ದಾರೆ, ನಿಜ. ಆದರೆ ಪಾಡ್ರೋನ್ ಥರದ ಸಿಗಾರ್ ಮಾಡುವ ಮನೆತನದಲ್ಲಿ ಎರಡು ದೇಶಕ್ಕೂ ಬೇರೆ ಬೇರೆ ಕೆಲಸ ಇದೆ. ಎಲೆ ಬೆಳೆದು ಹದ ಮಾಡುವ ವಿದ್ಯೆ ಕ್ಯೂಬಾದ್ದು. ಮಣ್ಣು ಮತ್ತು ಸುತ್ತುವ ಕೈ ನಿಕರಾಗುವಾದ್ದು.

ಈ ಕಂಪನಿ ಕಟ್ಟಿದ ಹೊಸೆ ಒರ್ಲಾಂಡೊ ಪಾಡ್ರೋನ್ ಹುಟ್ಟಿದ್ದು ಕ್ಯೂಬಾದ ಪಿನಾರ್ ಡೆಲ್ ರಿಯೊದಲ್ಲಿ, ತಂಬಾಕು ಬೆಳೆಯುವವರ ಮನೆಯಲ್ಲಿ. (ಆ ಮನೆಯವರೂ ಮೂಲದಲ್ಲಿ ಕ್ಯಾನರಿ ದ್ವೀಪದಿಂದ ಬಂದವರೇ. ಬೇರು ಹುಡುಕುತ್ತಾ ಹೊರಟರೆ ಮುಗಿಯುವುದಿಲ್ಲ.) ಫಿಡೆಲ್ ಕ್ಯಾಸ್ಟ್ರೊ ಅಧಿಕಾರಕ್ಕೆ ಬಂದ ಕ್ರಾಂತಿಯ ನಂತರ ಜಮೀನು ಸರ್ಕಾರದ ಪಾಲಾಯಿತು. ಮಯಾಮಿಗೆ ಬಂದು ಬಡಗಿ ಕೆಲಸ ಮಾಡಿ 600 ಡಾಲರ್ ಉಳಿಸಿದರು. 1964ರಲ್ಲಿ ಸುತ್ತುವವನೊಬ್ಬನನ್ನು ಇಟ್ಟುಕೊಂಡು ಶುರು ಮಾಡಿದರು. ಗಿರಾಕಿಗಳು ಊರು ಬಿಟ್ಟು ಬಂದ ಕ್ಯೂಬಾದವರು. 1962ರಿಂದ ಅಮೆರಿಕ ಕ್ಯೂಬಾದ ಮಾಲನ್ನೇ ತಡೆದಿತ್ತು, ಅವರಿಗೋ ಆ ಗಡಸು ರುಚಿಯೇ ಬೇಕು. ಹುಡುಕುತ್ತಾ ಹೋದಾಗ ಅದಕ್ಕೆ ಒಗ್ಗುವ ಎಲೆ ಸಿಕ್ಕಿದ್ದು ನಿಕರಾಗುವಾದಲ್ಲಿ, ಕ್ಯೂಬಾದ ಬೀಜದಿಂದಲೇ ಬೆಳೆದದ್ದು. 1970ರಲ್ಲಿ ಸಿಗಾರ್ ಮಾಡುವ ಕೆಲಸವನ್ನೇ ಅಲ್ಲಿನ ಎಸ್ತೆಲಿ ಊರಿಗೆ ಒಯ್ದರು.

ಬೀಜ ಅದೇ ಆದರೂ ಎಲೆ ಅದೇ ಆಗುವುದಿಲ್ಲ. ಎಸ್ತೆಲಿಯ ಕಪ್ಪು ಮಣ್ಣಿನಲ್ಲಿ ಅದು ದಪ್ಪವಾಗಿ, ಖಾರವಾಗಿ ಬರುತ್ತದೆ. ಅದೇ ದೇಶದ ಹಲಾಪಾ ಕಣಿವೆಯಲ್ಲಿ ಮೆತ್ತಗೆ. ಬ್ಯಾಡಗಿ ಮೆಣಸಿನ ಬೀಜ ತಂದು ಬೇರೆ ಸೀಮೆಯಲ್ಲಿ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎಸ್ತೆಲಿಯಲ್ಲಿ ಸಾಮಾನ್ಯವಾಗಿ ಜೋಡಿಯಾಗಿ ಕೂತು ಕೆಲಸ ಮಾಡುತ್ತಾರೆ. ಒಬ್ಬ, ಹೆಚ್ಚಾಗಿ ಗಂಡಸು, ಒಳಗಿನ ಎಲೆಗಳನ್ನು ಮಡಚಿ ಕೂಡಿಸುತ್ತಾನೆ. ನಿಧಾನವಾಗಿ ಉರಿಯುವ ಲಿಹೆರೊ ಎಲೆ ನಟ್ಟನಡುವೆ ಇರಬೇಕು, ಇಲ್ಲದಿದ್ದರೆ ಸಿಗಾರ್ ಒಂದೇ ಪಕ್ಕಕ್ಕೆ ಉರಿದುಕೊಂಡು ಹೋಗುತ್ತದೆ. ಅಚ್ಚಿನಲ್ಲಿ ಒತ್ತಿ ತೆಗೆದ ಮೇಲೆ ಪಕ್ಕದ ಹೆಂಗಸಿನ ಸರದಿ. ಹಸಿ ಆರದ ಹೊದಿಕೆ ಎಲೆಯನ್ನು ಚವೆಟಾ ಅನ್ನುವ ಚಪ್ಪಟೆ ಅಲಗಿನಿಂದ ಕತ್ತರಿಸಿ, ಬುಡದಿಂದ ತಲೆಯ ಕಡೆಗೆ ಬಿಗಿಯಾಗಿ ಸುತ್ತಿ, ತುದಿಗೆ ಚೂರು ಗೋಂದು ಸವರಿ ಪುಟ್ಟ ಎಲೆಯ ಟೋಪಿ ಕೂರಿಸುತ್ತಾಳೆ. ಮಂಗಳೂರು ಕಡೆ ಬೀಡಿ ಕಟ್ಟುವುದನ್ನು ನೋಡಿದವರು "ಇದೂ ಅದೇ ತಾನೇ?" ಅಂತಾರೆ. ಅಲ್ಲ. ಬೀಡಿಯ ಹೊರಗಿನ ಎಲೆ ತೆಂಡು ಮರದ್ದು. ಇಲ್ಲಿ ಒಳಗೂ ತಂಬಾಕು, ಹೊರಗೂ ತಂಬಾಕು. ಹಾಗಾಗಿಯೇ ಯಾವ ಹೊಲದ ಎಲೆ ಅನ್ನುವುದರ ಮೇಲೆ ಇಷ್ಟು ತಲೆಕೆಡಿಸಿಕೊಳ್ಳುತ್ತಾರೆ.

ಎರಡು ದೋಣಿಯಲ್ಲಿ ಕಾಲಿಟ್ಟಿದ್ದಕ್ಕೆ ಪೆಟ್ಟೂ ಬಿತ್ತು. 1978ರಲ್ಲಿ ನಿಕರಾಗುವಾದ ಗಲಭೆಯಲ್ಲಿ ಎಸ್ತೆಲಿಯ ಕಾರ್ಖಾನೆ ಸುಟ್ಟುಹೋಯಿತು. ಅದೇ ವರ್ಷ ರಾಜಕೀಯ ಕೈದಿಗಳನ್ನು ಬಿಡಿಸುವ ಮಾತುಕತೆಗೆ ಪಾಡ್ರೋನ್ ಹವಾನಾಕ್ಕೆ ಹೋದರು, ಕ್ಯಾಸ್ಟ್ರೊ ಜೊತೆಗಿನ ಫೋಟೊ ಹೊರಬಂತು. ಕ್ಯಾಸ್ಟ್ರೊ ಅಂದರೆ ಆಗದ ಜನ ಇರುವ ಮಯಾಮಿಯಲ್ಲಿ ಅವರ ಕಂಪನಿಯ ಮೇಲೆ ಬಾಂಬ್ ಬಿತ್ತು, ಅದೂ ಒಂದು ಸಲ ಅಲ್ಲ. 1985ರಲ್ಲಿ ಅಮೆರಿಕ ನಿಕರಾಗುವಾ ಜೊತೆಗಿನ ವ್ಯಾಪಾರವನ್ನೂ ನಿಲ್ಲಿಸಿತು. ಬರೀ ಹೆಸರು ಮಾರುವವನಾಗಿದ್ದರೆ ಇಷ್ಟೆಲ್ಲ ತಡೆದುಕೊಳ್ಳುತ್ತಿದ್ದರೇ?

ಆದ್ದರಿಂದ ಸುಳ್ಳು ಅಂತ ನಾನು ಹೇಳುವುದಿಲ್ಲ. ನನ್ನ ತಕರಾರು ಬೇರೆ. ಈ ವ್ಯಾಪಾರದಲ್ಲಿ ಪರಂಪರೆ ಅಂದ ಕೂಡಲೇ ಕ್ಯೂಬಾದ ಅಜ್ಜನ ಕಥೆ ಶುರುವಾಗುತ್ತದೆ. ಎಸ್ತೆಲಿಯವರು ಸುತ್ತಲು ಕೂತು ಐವತ್ತು ವರ್ಷಕ್ಕೂ ಜಾಸ್ತಿ ಆಯಿತು. ಅಲ್ಲಿನ ಅಜ್ಜಿಯೊಬ್ಬಳ ಕಥೆಯನ್ನು ಇಲ್ಲಿನ ಯಾವ ಅಂಗಡಿಯವರೂ ನನಗೆ ಇದುವರೆಗೆ ಹೇಳಿಲ್ಲ.