ಒಂದು ಲೋಟ ಹೈಪೊ, ನಾಲ್ಕು ಲೋಟ ನೀರು

ಮುಂಬಯಿ, 10 ಜುಲೈ 2020, ಶುಕ್ರವಾರ

ಇವತ್ತೂ ಗಾಡಿಯ ಬಾಗಿಲು ಸರಿಸಿದ ಕೂಡಲೇ ಈಜುಕೊಳದ ವಾಸನೆ ಮೂಗಿಗೆ ಬಡಿಯಿತು. ಈಗಷ್ಟೇ ಔಷಧ ಹೊಡೆದಿದ್ದೇನೆ ಎಂದು ಚಾಲಕ ಹೆಮ್ಮೆಯಿಂದ ಹೇಳಿದ. ಸೀಟು ಇನ್ನೂ ಒದ್ದೆ. ನೀಲಿ ಹೊದಿಕೆಯ ಮೇಲೆ ಒಂದೇ ತಿಂಗಳಲ್ಲಿ ಬಿಳಿ ಮಚ್ಚೆಗಳು ಎದ್ದಿವೆ. ನನ್ನ ಎರಡು ಚೂಡಿದಾರಗಳಿಗೂ ಅದೇ ಗತಿಯಾದ ಮೇಲೆ ಹಳೆಯ ದುಪಟ್ಟಾ ಹಾಸಿಕೊಂಡು ಕುಳಿತುಕೊಳ್ಳುತ್ತಿದ್ದೇನೆ.

ಕೊರೊನಾ ಲಾಕ್‌ಡೌನ್ ಸಡಿಲವಾಗಿ, ಜೂನ್ 8ರಿಂದ ಖಾಸಗಿ ಕಚೇರಿಗಳು ಶೇ. 10ರಷ್ಟು ಸಿಬ್ಬಂದಿಯನ್ನು ಕರೆಸಿಕೊಳ್ಳಬಹುದು ಎಂದಾಗ ನಮ್ಮ ಅರವತ್ತು ಜನರಲ್ಲಿ ಆರು ಜನರ ಹೆಸರು ಬಂತು. ಲೆಕ್ಕಪತ್ರದ ಕಚೇರಿಯಲ್ಲವೇ, ಲೆಕ್ಕ ಸರಿಯಾಗಿಯೇ ಇತ್ತು. ಲೋಕಲ್ ರೈಲು ಜೂನ್ 15ರಿಂದ ಓಡುತ್ತಿದ್ದರೂ ಅಗತ್ಯ ಸೇವೆಯವರಿಗೆ ಮಾತ್ರ; ನಾವು ಯಾರಿಗೂ ಅಗತ್ಯವಲ್ಲ. ಹಾಗಾಗಿ ಮುಲುಂಡಿನಿಂದ ಫೋರ್ಟಿಗೆ ಹದಿಮೂರು ಸೀಟಿನ ಟೆಂಪೊ ಟ್ರಾವೆಲರ್ ಒಂದನ್ನು ಗೊತ್ತು ಮಾಡಿದರು.

ಏಳನೆಯವರೊಬ್ಬರು ಇದ್ದಾರೆ, ಮಾವಶಿ. ಕಚೇರಿಯ ಕಸ ಗುಡಿಸಿ ನೆಲ ಒರೆಸುವ ಹೆಂಗಸನ್ನು ಈ ಊರಿನಲ್ಲಿ ಎಲ್ಲರೂ ಕರೆಯುವುದೇ ಹಾಗೆ. ಅವರು ಅಫಜಲಪುರದ ಕಡೆಯವರು ಎಂದು ನನಗೆ ತಿಳಿಯಲು ಎರಡು ವರ್ಷ ಹಿಡಿಯಿತು. ಊರಿಗೆ ಫೋನ್ ಮಾಡಿ ಯಾರನ್ನೋ ಅಚ್ಚ ಕನ್ನಡದಲ್ಲಿ ಬೈಯುತ್ತಿದ್ದದ್ದು ಕಿವಿಗೆ ಬಿತ್ತು. ಅಂದಿನಿಂದ ಎಲ್ಲರ ಎದುರು ನಾನು ಅವರಿಗೆ ಮೇಡಂ, ಪ್ಯಾಂಟ್ರಿಯಲ್ಲಿ ಇಬ್ಬರೇ ಇದ್ದಾಗ ತಂಗಿ. ನನಗೆ ಅವರು ಹೊರಗೆ ಮಾವಶಿ, ಒಳಗೆ ಅಕ್ಕ. ಗುತ್ತಿಗೆದಾರನ ಕಡೆಯವರಾದ್ದರಿಂದ ಅವರು ಶೇ. 10ರ ಲೆಕ್ಕದಲ್ಲೂ ಇಲ್ಲ, ಗಾಡಿಯ ಪಟ್ಟಿಯಲ್ಲೂ ಇಲ್ಲ. ಮಧ್ಯಾಹ್ನ ಕೆಳಗಿಳಿದು ಗಾಡಿಯನ್ನು ಒರೆಸುವುದು ಮಾತ್ರ ಅವರ ಪಾಲಿಗೆ. ಮೊನ್ನೆಯವರೆಗೂ ಬರುತ್ತಿದ್ದದ್ದು ಸಯನ್‌ನಿಂದ ನಗರ ಸಾರಿಗೆಯ ಬೆಸ್ಟ್ ಬಸ್ಸಿನಲ್ಲಿ, ಸೀಟು ಸಿಕ್ಕದಿದ್ದರೆ ನಿಂತುಕೊಂಡು.

ಸೋಮವಾರ ನಡೆದದ್ದನ್ನು ಬರೆದಿಡಬೇಕು. ಮನೆಯಲ್ಲೇ ಕುಳಿತಿರುವ ನಮ್ಮ ಕಚೇರಿಯ ಯಜಮಾನರು ಎರಡು ಗಂಟೆಗೊಮ್ಮೆ ಎಲ್ಲವನ್ನೂ ಹೈಪೊದಿಂದ ಒರೆಸಬೇಕೆಂದು ವಾಟ್ಸ್ಆ್ಯಪ್‌ನಲ್ಲಿ ಆಜ್ಞೆ ಹೊರಡಿಸಿದ್ದರು. ಹೈಪೊ ಎಂದರೆ ಸೋಡಿಯಂ ಹೈಪೊಕ್ಲೋರೈಟ್, ಐದು ಲೀಟರಿನ ಕ್ಯಾನುಗಳಲ್ಲಿ ಬಂದಿತ್ತು. ಅದರ ಬಿಲ್ಲಿಗೆ ಸಹಿ ಹಾಕಿದವಳು ನಾನೇ. ಕ್ಯಾನಿನ ಮೇಲೆ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರ. ಎಷ್ಟು ನೀರಿಗೆ ಎಷ್ಟು ಎಂದು ಅವರಿಗೆ ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಅವರು ಕಣ್ಣಂದಾಜಿನಲ್ಲಿ ಬಕೆಟ್ಟಿಗೆ ಸುರಿದು, ಜೊತೆಗೆ ವರ್ಷಗಳಿಂದ ಶೌಚಾಲಯ ತೊಳೆಯುವ ಆ್ಯಸಿಡ್ಡನ್ನೂ ಒಂದಿಷ್ಟು ಬೆರೆಸಿದರು. ಎರಡೂ ಕೊಳೆ ತೆಗೆಯುವವೇ, ಕೂಡಿದರೆ ಇನ್ನೂ ಒಳ್ಳೆಯದಲ್ಲವೇ ಎಂಬುದು ಅವರ ತರ್ಕ. ತರ್ಕದಲ್ಲಿ ತಪ್ಪಿಲ್ಲ, ರಸಾಯನಶಾಸ್ತ್ರ ಒಪ್ಪುವುದಿಲ್ಲ ಅಷ್ಟೇ. ಎರಡು ಸೇರಿದರೆ ಹೊರಡುವುದು ಕ್ಲೋರಿನ್ ಅನಿಲ.

ಅವರು ಕಣ್ಣೀರು ಸುರಿಸುತ್ತ, ಕೆಮ್ಮುತ್ತ ಹೊರಗೆ ಓಡಿಬಂದರು. ಉಳಿದವರೂ ಓಡಿದರು, ಅನಿಲಕ್ಕೆ ಹೆದರಿ ಅಲ್ಲ, ಕೆಮ್ಮಿಗೆ ಹೆದರಿ. ನೀರು ಕೊಡುವ ಮೊದಲು ಹಣೆಗೆ ಜ್ವರ ನೋಡುವ ಗನ್ನು ಹಿಡಿದರು. ಜ್ವರವಿರಲಿಲ್ಲ. ಆದರೂ ಸಂಜೆಯವರೆಗೆ, ಹದಿನಾಲ್ಕು ದಿನ ಬರುವುದು ಬೇಡ ಎಂದುಬಿಡೋಣವೇ ಎಂಬ ಮಾತು ನಡೆದೇ ಇತ್ತು. ಸಂಬಳವಿಲ್ಲದೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಶೌಚಾಲಯದ ಕಿಟಕಿ ತೆರೆದು, ನಲ್ಲಿ ಬಿಟ್ಟು, ಮೆಟ್ಟಿಲ ಮೇಲೆ ಅವರ ಪಕ್ಕದಲ್ಲಿ ಕುಳಿತೆ. "ಕೈಗವಸು ದೊಡ್ಡದು ತಂಗೀ, ಒಳಗೆ ನೀರು ಹೋಗಿ ಚರ್ಮ ಸುಡುತ್ತದೆ" ಎಂದು ಅಂಗೈ ತೋರಿಸಿದರು. ಗಂಡಸರ ಅಳತೆಯ ಕೈಗವಸು. ಆ ಬಿಲ್ಲಿಗೂ ನನ್ನದೇ ಸಹಿ.

ರಾತ್ರಿ ಆರೋಗ್ಯ ಸಚಿವಾಲಯದ ಮಾರ್ಚ್ ತಿಂಗಳ ಸೂಚನೆಗಳನ್ನು ಕೊನೆಗೂ ಓದಿದೆ. ಕಚೇರಿಯ ಮೇಲ್ಮೈಗಳಿಗೆ ಶೇ. 1ರ ಹೈಪೊ ಸಾಕು. ನಮ್ಮ ಕ್ಯಾನಿನಲ್ಲಿರುವುದು ಶೇ. 5ರದ್ದು, ಅಂದರೆ ಒಂದು ಪಾಲಿಗೆ ನಾಲ್ಕು ಪಾಲು ನೀರು. ಹೈಪೊ ತಾಗಬಾರದ ಲೋಹದ ಹಿಡಿಕೆ, ಚಿಲಕಗಳಿಗೆ ಶೇ. 70ರ ಆಲ್ಕೋಹಾಲ್. ಕೊಳೆಯ ಮೇಲೆ ಹೈಪೊ ಹಾಕಿದರೆ ಅದರ ಶಕ್ತಿಯೆಲ್ಲ ಕೊಳೆಗೇ ಖರ್ಚಾಗುತ್ತದೆ. ಆದ್ದರಿಂದ ಮೊದಲು ಸೋಪು ನೀರು, ಆಮೇಲೆ ಹೈಪೊ, ಮತ್ತು ತಕ್ಷಣ ಒಣಬಟ್ಟೆಯಿಂದ ಒರೆಸದೆ ಸ್ವಲ್ಪ ಹೊತ್ತು ಒದ್ದೆಯಾಗಿಯೇ ಬಿಡಬೇಕು. ಇಷ್ಟನ್ನೂ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ. ಆ್ಯಸಿಡ್ ಬೆರೆಸಬಾರದು ಎಂಬುದಕ್ಕೆ ಕೆಂಪು ಶಾಯಿ.

ಅಕ್ಕ ಊರಿನಲ್ಲಿ ನಾಲ್ಕನೆಯ ತರಗತಿಯವರೆಗೆ ಓದಿದವರು. ಕಚೇರಿಯ ಇಂಗ್ಲಿಷ್, ಮರಾಠಿ ಫಲಕಗಳು ಅವರಿಗೆ ಗೋಡೆಯ ಚಿತ್ತಾರ ಮಾತ್ರ. ಪ್ಯಾಂಟ್ರಿಯಲ್ಲಿ ಕನ್ನಡದ ರಟ್ಟು ಅಂಟಿಸಿದಾಗ ಬೆರಳಿಟ್ಟು, ಅಕ್ಷರ ಕೂಡಿಸಿಕೊಂಡು ಜೋರಾಗಿ ಓದಿದರು. ಮುಗಿಸಿದ ಮೇಲೆ ಪರೀಕ್ಷಕರ ಹಾಗೆ ಕೇಳಿದರು: "ಲೋಟ ಎಂದರೆ ಯಾವ ಲೋಟ? ಚಹಾದ್ದೋ ನೀರಿನದ್ದೋ?"

"ಯಾವುದಾದರೂ ಸರಿ ಅಕ್ಕಾ, ಎರಡಕ್ಕೂ ಅದೇ ಲೋಟವಾದರೆ ಆಯಿತು."

"ಹಾಗಾದರೆ ಅದಕ್ಕೊಂದು ಗುರುತು ಮಾಡಬೇಕು. ಇಲ್ಲದಿದ್ದರೆ ಯಾರಾದರೂ ಅದರಲ್ಲೇ ಚಹಾ ಕುಡಿದಾರು."

ನನಗೆ ಹೊಳೆದೇ ಇರಲಿಲ್ಲ. ಈಗ ಹಿಡಿಕೆಗೆ ಕೆಂಪು ದಾರ ಕಟ್ಟಿದ ಪ್ಲಾಸ್ಟಿಕ್ ಲೋಟವೊಂದು ಕ್ಯಾನಿನ ಕುತ್ತಿಗೆಗೇ ನೇತಾಡುತ್ತಿದೆ.

ಮಂಗಳವಾರವೆಲ್ಲ ಗುತ್ತಿಗೆದಾರನಿಗೂ ಯಜಮಾನರಿಗೂ ನಡುವೆ ನಾನು ಫೋನ್ ಹಿಡಿದು ಕುಳಿತೆ. ಬುಧವಾರದಿಂದ ಅಕ್ಕ ಸಯನ್‌ನಲ್ಲಿ ಗಾಡಿ ಹತ್ತುತ್ತಿದ್ದಾರೆ, ಹಿಂದಿನ ಸೀಟು ಎಂಬ ಷರತ್ತಿನೊಂದಿಗೆ. ಹತ್ತಿದವರು ಮೊದಲು ಮಾಡಿದ ಕೆಲಸ ಕಿಟಕಿ ಸರಿಸಿದ್ದು. "ಇದರೊಳಗೆ ಉಸಿರು ಕಟ್ಟುತ್ತದಲ್ಲ ತಂಗೀ, ಹೇಗೆ ಕೂರುತ್ತೀರಿ?" ಎಲ್ಲರ ಎದುರು ತಂಗಿ ಎಂದದ್ದು ಅದೇ ಮೊದಲು. ಸುತ್ತಲಿದ್ದವರಿಗೆ ಮಾತು ಅರ್ಥವಾಗಲಿಲ್ಲ, ಎಸಿಯ ತಂಪು ಹೊರಗೆ ಹೋಗುತ್ತಿದೆ ಎಂಬುದು ಮಾತ್ರ ಅರ್ಥವಾಯಿತು.

ಒಂದು ತಿಂಗಳು ನಾವು ಮಾಡಿದ್ದೇನೆಂದರೆ, ಯಾರೂ ಮುಟ್ಟದ ಸೀಟಿನ ಬೆನ್ನಿಗೆಲ್ಲ ಔಷಧ ಸಿಂಪಡಿಸಿ, ಆರೂ ಜನ ಹಿಡಿದು ಹತ್ತುವ ಬಾಗಿಲಿನ ಹಿಡಿ, ಬೆಲ್ಟಿನ ಕೊಕ್ಕೆ, ಚಾಲಕನ ಗೇರಿನ ಗುಂಡಿಗಳನ್ನು ಹಾಗೆಯೇ ಬಿಟ್ಟು, ಒಳಗಿನ ಗಾಳಿಯನ್ನೇ ತಿರುತಿರುಗಿ ಊದುವ ಎಸಿ ಹಾಕಿಕೊಂಡು ಒಂದೂವರೆ ಗಂಟೆ ಕುಳಿತದ್ದು. ಸಿಂಪಡಿಸಿದ ಔಷಧ ಮೂಲೆ ಸಂದಿಗಳಿಗೆ ತಲುಪುವುದಿಲ್ಲ, ಬಟ್ಟೆಯಿಂದ ಒರೆಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಮೇ ತಿಂಗಳಲ್ಲೇ ಹೇಳಿತ್ತು. ಈ ಸೋಮವಾರ 32 ದೇಶಗಳ 239 ವಿಜ್ಞಾನಿಗಳು ಸೋಂಕು ಗಾಳಿಯಲ್ಲೂ ಹರಡುತ್ತದೆ, ಗಮನ ಕೊಡಿ ಎಂದು ಬಹಿರಂಗ ಪತ್ರ ಬರೆದರು. ಜನ ತುಂಬಿದ, ಗಾಳಿಯಾಡದ ಒಳಾಂಗಣಗಳಲ್ಲಿ ಆ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂದು ಸಂಸ್ಥೆ ನಿನ್ನೆ ಒಪ್ಪಿದೆ. ಅಕ್ಕ ಒಂದು ದಿನ ಮುಂದಿದ್ದರು.

ಚಾಲಕ ಮಾತ್ರ ಕೂಡಲೇ ಅವರ ಪಕ್ಷ ಸೇರಿದ. ಎಸಿ ಇಲ್ಲದಿದ್ದರೆ ಡೀಸೆಲ್ ಉಳಿಯುತ್ತದಲ್ಲ.

ಇವತ್ತು ಕಿಂಗ್ಸ್ ಸರ್ಕಲ್ ದಾಟುವಾಗ ಮಳೆ ಜೋರಾಯಿತು. ಎರಡು ಬೆರಳಿನಷ್ಟು ತೆರೆದ ಕಿಟಕಿಯಿಂದ ಎರಚಲು ಬಂದು ನಮ್ಮ ಹಿರಿಯ ಲೆಕ್ಕಿಗರ ಎಡ ತೋಳು ತೊಯ್ದಿತು. ಬೈಕಲಾದವರೆಗೂ ಗೊಣಗಿದರು, ಆದರೆ ಮುಚ್ಚಲಿಲ್ಲ. ಬ್ಯಾಗನ್ನು ಬಲಕ್ಕೆ ಸರಿಸಿಕೊಂಡರು.

ನಾಳೆ ಎರಡನೆಯ ಶನಿವಾರ, ರಜೆ. ಮಚ್ಚೆ ಬಿದ್ದ ಚೂಡಿದಾರಗಳಲ್ಲಿ ಒಂದನ್ನು ಹರಿದು ಒರೆಸುವ ಬಟ್ಟೆ ಮಾಡಬೇಕು, ಗಾಡಿಗೆ ನಾಲ್ಕು, ಪ್ಯಾಂಟ್ರಿಗೆ ನಾಲ್ಕು. ಚಿಕ್ಕ ಅಳತೆಯ ಕೈಗವಸು ಮುಲುಂಡಿನ ಔಷಧದ ಅಂಗಡಿಯಲ್ಲಿ ಸಿಗುತ್ತದೆಯೇ, ಕೇಳಬೇಕು.