ಉಳಿದುಹೋದ 1023

ಮೆಮೊರಿ ಕರಗ್ತಾ ಹೋಗ್ತಿದೆ, ಯಾರ ಲೆಕ್ಕದಲ್ಲೂ ಸಿಗ್ತಿಲ್ಲ. ಇಂಥ ದೂರು ಬಂದರೆ ಮೊದಲು ಪ್ರಾಸೆಸ್‌ಗಳನ್ನು (ಓಡ್ತಿರೋ ಪ್ರೋಗ್ರಾಂಗಳನ್ನು) ನೋಡ್ತೀವಿ, ಆಮೇಲೆ ಸ್ಲ್ಯಾಬ್, ಅಂದ್ರೆ ಲಿನಕ್ಸಿನ ತಿರುಳಾದ ಕರ್ನಲ್ ತನ್ನ ಸ್ವಂತ ಬಳಕೆಗೆ ಇಟ್ಕೊಂಡ ಮೆಮೊರಿ. ಈ ಸಲ ಎರಡರಲ್ಲೂ ಏನಿರಲಿಲ್ಲ. ಯಂತ್ರ ಇರೋದು ಬೆಂಗಳೂರಿನ ಲ್ಯಾಬಲ್ಲಿ, ನಾನಿರೋದು ಸೋಮವಾರಪೇಟೆ ಹತ್ತಿರ ತೋಟದ ಮನೇಲಿ. ಆಷಾಢದ ಗಾಳಿಗೆ ಲೈನ್ ಮೇಲೆ ಮರ ಬಿತ್ತು ಅಂದ್ರೆ ಇನ್ವರ್ಟರ್ ಎಷ್ಟು ಹೊತ್ತು ಎಳೆಯುತ್ತೋ ಅಷ್ಟೇ ಕೆಲಸ. ಸುಮ್ಮನೆ ಏನೇನೋ ಬದಲಾಯಿಸಿ ನೋಡೋ ಭಾಗ್ಯ ಇಲ್ಲ.

ಆ ಯಂತ್ರದಲ್ಲಿ ಡೇಟಾ ಹಿಡಿಯೋ ಕಾರ್ಡ್ ಒಂದಿದೆ. ಅದು ಪ್ರೋಗ್ರಾಮಿನ ಬಫರಿಗೆ ನೇರವಾಗಿ ಡಿಎಂಎ ಮಾಡುತ್ತೆ, ಅಂದ್ರೆ ಸಿಪಿಯು ಹಂಗಿಲ್ಲದೆ ತಾನೇ ಮೆಮೊರಿಗೆ ಬರೆಯುತ್ತೆ. ಕಾರ್ಡ್ ಬರೀತಾ ಇರುವಾಗಲೇ ಕರ್ನಲ್ ಆ ಪೇಜನ್ನು (ಮೆಮೊರಿಯ 4 ಕೆಬಿ ತುಂಡನ್ನು) ಬೇರೆ ಕಡೆ ಸಾಗಿಸಿದರೆ, ಬರಹ ಇನ್ಯಾರದೋ ಮೆಮೊರಿ ಮೇಲೆ ಬೀಳುತ್ತೆ. ಅದಕ್ಕೇ ಕಾರ್ಡನ್ನು ನಡೆಸೋ ಕೋಡ್, ಅಂದ್ರೆ ಡ್ರೈವರ್, ಮೊದಲು ಪೇಜುಗಳನ್ನು ಪಿನ್ ಮಾಡಬೇಕು, ಕದಲದ ಹಾಗೆ ಹಿಡಿದಿಡಬೇಕು. (ಮೆಮೊರಿಗೆ ಬೀಗ ಹಾಕೋ ಎಂಲಾಕ್ ಕರೆ ಸಾಲಲ್ವಾ ಅಂತ ಕೇಳೋರಿದ್ದಾರೆ. ಸಾಲಲ್ಲ. ಎಂಲಾಕ್ ಆದ ಪೇಜ್ ಡಿಸ್ಕಿನ ಸ್ವಾಪ್ ಜಾಗಕ್ಕೆ ಹೋಗಲ್ಲ ಅಷ್ಟೆ, ಜಾಗ ಬದಲಾಗಬಹುದು.)

ಹಿಂದೆ ಇದಕ್ಕೆ ಬಳಸ್ತಿದ್ದದ್ದು ಗೆಟ್ ಯೂಸರ್ ಪೇಜಸ್ ಅನ್ನೋ ಕರ್ನಲ್ ಫಂಕ್ಷನ್. ಅದು ಪೇಜಿನ ರೆಫರೆನ್ಸ್ ಎಣಿಕೆಗೆ (ಎಷ್ಟು ಕಡೆಯಿಂದ ಹಿಡಿದಿದ್ದಾರೆ ಅನ್ನೋ ಲೆಕ್ಕ, ಸೊನ್ನೆ ಆದ್ರೇನೇ ಪೇಜ್ ಖಾಲಿ) 1 ಸೇರಿಸುತ್ತೆ. ಆದರೆ ಕರ್ನಲಲ್ಲಿ ಯಾರು ಪೇಜ್ ಹಿಡಿದರೂ ಅದೇ ಎಣಿಕೆಗೆ 1. ಹಿಡಿದಿರೋದು ಹಾರ್ಡ್‌ವೇರೋ, ಕ್ಷಣಕ್ಕೆ ಇಣುಕಿ ಹೋಗೋ ಕೋಡೋ ಗೊತ್ತಾಗಲ್ಲ. ಫೈಲಿನ ಪೇಜುಗಳಲ್ಲಿ ಇದು ನಿಜಕ್ಕೂ ಅಪಾಯ: ಫೈಲ್ ಸಿಸ್ಟಂ ಡಿಸ್ಕಿಗೆ ಬರೆದು ಪೇಜ್ ಕ್ಲೀನ್ ಅಂತ ಗುರುತು ಹಾಕಿದ ಮೇಲೂ ಕಾರ್ಡ್ ಅದರೊಳಗೆ ಬರೀತಾನೇ ಇರಬಹುದು. 2020ರ ಲಿನಕ್ಸ್ 5.6ರಲ್ಲಿ ಎನ್ವಿಡಿಯಾದ ಜಾನ್ ಹಬರ್ಡ್ ಪಿನ್ ಯೂಸರ್ ಪೇಜಸ್ ತಂದರು. ಇದರಲ್ಲಿ ಒಂದು ಪಿನ್ ಅಂದರೆ ಅದೇ ಎಣಿಕೆಗೆ 1024.

ಪಿನ್ನಿಗೇ ಬೇರೆ ಕೌಂಟರ್ ಇಡಬಾರದಿತ್ತಾ? ಜಾಗ ಎಲ್ಲಿದೆ! ಪ್ರತಿ 4 ಕೆಬಿ ಪೇಜಿಗೂ ಕರ್ನಲ್ 64 ಬೈಟಿನ ಒಂದು ದಾಖಲೆ ಇಡುತ್ತೆ. 16 ಜಿಬಿ ಯಂತ್ರದಲ್ಲಿ ಅದೊಂದೇ 256 ಎಂಬಿ ತಿನ್ನುತ್ತೆ. ಅದನ್ನ ಇನ್ನೂ ದಪ್ಪ ಮಾಡೋಕೆ ಯಾರೂ ಒಪ್ಪಲ್ಲ. ಹಲವು ಪೇಜು ಕೂಡಿದ ದೊಡ್ಡ ಫೋಲಿಯೋಗಳಲ್ಲಿ ಜಾಗ ಇದೆ, ಅಲ್ಲಿ ಪಿನ್ನಿಗೆ ಸ್ವಂತ ಕೌಂಟರೂ ಇದೆ. ಸಣ್ಣ ಪೇಜುಗಳಿಗೆ ಮಾತ್ರ ಈ ಹೊಂದಾಣಿಕೆ.

ಅಪ್ಪ ಮಳೆ ಪುಸ್ತಕ ಬರೀತಾರೆ, ನಮ್ಮ ಕಡೆ ತೋಟದ ಮನೆಗಳಲ್ಲಿ ಬರೆಯೋ ಹಾಗೆ ಇಂಚು, ಸೆಂಟಲ್ಲಿ. ನೂರು ಸೆಂಟಿಗೆ ಒಂದಿಂಚು. ತಿಂಗಳ ಮೊತ್ತ ಒಂದಿಂಚು ಅಂತ ಇದ್ರೆ, ಒಂದೇ ಏಟಿಗೆ ಹೊಡೆದ ಮಳೆಯೋ, ಜಿಟಿಜಿಟಿ ಕೂಡಿ ಅಷ್ಟಾಯ್ತೋ ಆ ಮೊತ್ತ ನೋಡಿ ಹೇಳೋಕಾಗಲ್ಲ. ಎಣಿಕೆ 1024 ಮುಟ್ಟಿದ್ರೆ ಕರ್ನಲಿಗೂ ಅದೇ ಅನುಮಾನ: ಒಂದು ಪಿನ್ ಇರಬಹುದು, 1024 ಸಾದಾ ರೆಫರೆನ್ಸ್ ಇರಬಹುದು. ಪಿನ್ ಇದೆ ಅಂತಲೇ ಇಟ್ಕೊಳ್ಳುತ್ತೆ. ತಪ್ಪಿದರೂ ನಷ್ಟ ಸ್ವಲ್ಪ ಅತಿ ಎಚ್ಚರಿಕೆ ಮಾತ್ರ. ಕಡಿಮೆ ಇದ್ರೆ ಪಿನ್ ಇಲ್ಲವೇ ಇಲ್ಲ.

ನಮ್ಮ ಯಂತ್ರಕ್ಕೆ ಬರ್ತೀನಿ. ಪ್ರಾಸೆಸ್ ಸ್ಟೇಟಸ್ಸಲ್ಲಿ ಎಷ್ಟು ಮೆಮೊರಿ ಪಿನ್ ಆಗಿದೆ ಅಂತ ಹೇಳೋ ವಿಎಂಪಿನ್ ಅನ್ನೋ ಸಾಲು ಇದೆ, ಅದರಲ್ಲಿ ಸೊನ್ನೆ. ಈ ಸಾಲನ್ನ ನಾನು ಯಾವತ್ತೂ ನಂಬಲ್ಲ. ಡ್ರೈವರ್ ತಾನಾಗಿ ಲೆಕ್ಕ ಕೊಟ್ರೆ ಮಾತ್ರ ಅದರಲ್ಲಿ ಕಾಣುತ್ತೆ. ಪ್ರಾಕ್ ಕೆಳಗಿನ ವಿಎಂಸ್ಟ್ಯಾಟ್ ಫೈಲಲ್ಲಿ ಫಾಲ್ ಪಿನ್ ಅಕ್ವೈರ್ಡ್, ಫಾಲ್ ಪಿನ್ ರಿಲೀಸ್ಡ್ ಅಂತ ಎರಡು ಕೌಂಟರ್ ಇವೆ, ಹಿಡಿದ ಪಿನ್ನಿಗೊಂದು, ಬಿಟ್ಟ ಪಿನ್ನಿಗೊಂದು. ದೀರ್ಘಕಾಲದ ಪಿನ್ ಯಾವುದೂ ಇಲ್ಲದೆ ಯಂತ್ರ ಸುಮ್ಮನಿದ್ದಾಗ ಎರಡೂ ಸಮ ಇರಬೇಕು. ಪ್ರೋಗ್ರಾಂ ನಿಲ್ಲಿಸಿ ನೋಡಿದರೆ ಅಂತರ ಹಾಗೇ ಕೂತಿದೆ.

ಡ್ರ್ಯಾಗನ್ ಡಿಬಗರಲ್ಲಿ ಓಡ್ತಿರೋ ಕರ್ನಲನ್ನೇ ತೆರೆದು, ಯಾವ ಪ್ರಾಸೆಸ್ಸಿಗೂ ಮ್ಯಾಪ್ ಆಗದ ಆದರೆ ಖಾಲಿಯೂ ಆಗದ ಪೇಜುಗಳ ರೆಫರೆನ್ಸ್ ಎಣಿಕೆ ಪ್ರಿಂಟ್ ಮಾಡಿದೆ. 1023, 1023, 1023, ಪರದೆ ತುಂಬ ಅದೇ. ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಯಾರೋ ಹಿಡಿಯುವಾಗ 1024 ಕೂಡಿಸಿ, ಬಿಡುವಾಗ 1 ಕಳೀತಿದ್ದಾರೆ. ಮಜಾ ಏನಂದ್ರೆ, 1023 ಅಂದರೆ 1024ಕ್ಕಿಂತ ಕಡಿಮೆ. ಈ ಪೇಜ್ ಪಿನ್ ಆಗಿದೆಯಾ ಅಂತ ಕರ್ನಲನ್ನು ಕೇಳಿದ್ರೆ ಇಲ್ಲ ಅನ್ನುತ್ತೆ. ಪಿನ್ನೂ ಇಲ್ಲ, ಬಿಡುಗಡೆಯೂ ಇಲ್ಲ.

ಡ್ರೈವರ್ ಹಳೇದು, ಹೊಸ ಪದ್ಧತಿಗೆ ಅರ್ಧ ಬದಲಾಯಿಸಿ ಬಿಟ್ಟಿದ್ದರು. ಡಿಎಂಎ ಸರಿಯಾಗಿ ಮುಗಿದರೆ ಅನ್‌ಪಿನ್ ಯೂಸರ್ ಪೇಜ್ ಕರೆಯುತ್ತೆ, ಅದು 1024 ಕಳೆಯುತ್ತೆ. ಟೈಮ್‌ಔಟ್ ಆಗಿ ರದ್ದಾದ ದಾರಿಯಲ್ಲಿ ಮಾತ್ರ 1 ಕಳೆಯೋ ಹಳೇ ಪುಟ್ ಪೇಜ್ ಹಾಗೇ ಉಳಿದಿತ್ತು. ಕಾರ್ಡ್ ದಿನವಿಡೀ ನೆಟ್ಟಗೆ ನಡೆದ ದಿನ ಸೋರಿಕೆಯೇ ಇಲ್ಲ, ಅದಕ್ಕೇ ಇಷ್ಟು ಕಾಲ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಒಂದು ಸಾಲು ತಿದ್ದಿದೆ. ಬೇಕಂತಲೇ ಟೈಮ್‌ಔಟ್ ಮಾಡಿಸಿ ಆ ಎರಡು ಕೌಂಟರ್ ಹೋಲಿಸೋ ಒಂದು ಸಣ್ಣ ಸ್ಕ್ರಿಪ್ಟನ್ನೂ ಪರೀಕ್ಷೆಗೆ ಸೇರಿಸಿದೆ. ಲ್ಯಾಬಿನ ಹುಡುಗ ಫೋನ್ ಮಾಡಿ, "ಅಣ್ಣ, ಹೊಸ ಡ್ರೈವರ್ ಹಾಕಿದ್ರೆ ಹೋದ ಮೆಮೊರಿ ವಾಪಸ್ ಬರುತ್ತಾ?" ಅಂದ.

"ಇಲ್ಲ ಮಾರಾಯ, ಆ ಪೇಜುಗಳನ್ನ ಬಿಡೋರು ಈಗ ಯಾರೂ ಇಲ್ಲ. ರೀಬೂಟ್ ಮಾಡು."